ಮನೆಯ ಎಸ್ಪ್ರೆಸೊಗೆ ಕೈಗೆಟುಕುವ ಬೆಲೆಯ ಎಲೆಕ್ಟ್ರಿಕ್ ಗ್ರೈಂಡರ್ ಆರಿಸುವುದು ಹೇಗೆ

ಡಿಕಾಕ್ಷನ್ ಫಿಲ್ಟರಿನಲ್ಲಿ ಬಿಸಿನೀರು ತನ್ನ ಭಾರಕ್ಕೆ ತಾನೇ ನಿಧಾನವಾಗಿ ಕೆಳಗಿಳಿಯುವುದರಿಂದ, ಪುಡಿ ಒಂದಿಷ್ಟು ತರಿಯಾಗಿದ್ದರೂ ಒಂದಿಷ್ಟು ನುಣ್ಣಗಿದ್ದರೂ ಕುಡಿಯಲು ಯೋಗ್ಯವಾದ ಕಾಫಿಯೇ ದೊರೆಯುತ್ತದೆ. ಎಸ್ಪ್ರೆಸೊದಲ್ಲಿ ಆ ಸಡಿಲಿಕೆ ಇಲ್ಲ. ಸುಮಾರು 9 ಬಾರ್ (ಅಂದರೆ ಗಾಳಿಯ ಸಹಜ ಒತ್ತಡದ ಸುಮಾರು ಒಂಬತ್ತು ಪಟ್ಟು) ಒತ್ತಡದ, 90ರಿಂದ 96 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ಬಿಗಿಯಾಗಿ ಅದುಮಿದ ಪುಡಿಯ ಪದರವನ್ನು ಹಾದು ಬರಬೇಕು. 18 ಗ್ರಾಂ ಪುಡಿಯಿಂದ 25–30 ಸೆಕೆಂಡುಗಳಲ್ಲಿ ಸುಮಾರು 36 ಗ್ರಾಂ ಕಾಫಿ ಇಳಿಯಬೇಕೆಂಬುದು ಹೆಚ್ಚಿನವರು ಆರಂಭಕ್ಕೆ ಇಟ್ಟುಕೊಳ್ಳುವ ಲೆಕ್ಕ. ಮಷೀನಿನ ಪಂಪು ನೀರನ್ನು ತಳ್ಳುತ್ತದೆ. ಆ ನೀರಿಗೆ ತಡೆಯೊಡ್ಡುವ ಕೆಲಸ ಪೂರ್ತಿಯಾಗಿ ಪುಡಿಯದು. ಪುಡಿ ತುಸು ತರಿಯಾದರೆ 12 ಸೆಕೆಂಡಿಗೇ ನೀರು ನುಗ್ಗಿ ಬಂದು ಕಾಫಿ ಹುಳಿಯಾಗಿ ತೆಳ್ಳಗಾಗುತ್ತದೆ; ತುಸು ನುಣುಪು ಹೆಚ್ಚಿದರೆ ತೊಟ್ಟುತೊಟ್ಟಾಗಿ ಇಳಿದು ಕಹಿಯೇರುತ್ತದೆ. ಈ ಎರಡರ ನಡುವಿನ ಹದ ಬಹಳ ಕಿರಿದು. ಆ ಹದವನ್ನು ಹಿಡಿದು, ಮರುದಿನವೂ ಅದೇ ಹದವನ್ನು ಕೊಡಬಲ್ಲ ಗ್ರೈಂಡರ್ ಯಾವುದು ಎಂಬುದೊಂದೇ ಕೊಳ್ಳುವವರು ಕೇಳಬೇಕಾದ ಮುಖ್ಯ ಪ್ರಶ್ನೆ. ಉಳಿದ ಗುಣಗಳೆಲ್ಲ ಅದರ ನಂತರದವು.

ಈ ಕಾರಣಕ್ಕಾಗಿಯೇ, ಇರುವ ಹಣವನ್ನು ಮಷೀನು ಮತ್ತು ಗ್ರೈಂಡರ್ ನಡುವೆ ಹಂಚುವಾಗ ಗ್ರೈಂಡರಿಗೆ ಕನಿಷ್ಠ ಅರ್ಧದಷ್ಟನ್ನಾದರೂ ತೆಗೆದಿಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಸಾಧಾರಣ ಮಷೀನೊಂದು ಒಳ್ಳೆಯ ಪುಡಿಯಿಂದ ತೃಪ್ತಿಕರವಾದ ಎಸ್ಪ್ರೆಸೊ ಕೊಡಬಲ್ಲದು. ಎಷ್ಟೇ ದುಬಾರಿಯಾದ ಮಷೀನೂ ಹದವಿಲ್ಲದ ಪುಡಿಯನ್ನು ಸರಿಪಡಿಸಲಾರದು.

ಮಿಕ್ಸಿ ಮತ್ತು ಬ್ಲೇಡ್ ಗ್ರೈಂಡರುಗಳನ್ನು ಮೊದಲಿಗೇ ಬದಿಗಿಡಬೇಕು. ಆನ್‌ಲೈನ್ ಅಂಗಡಿಗಳಲ್ಲಿ ಕಾಫಿ ಗ್ರೈಂಡರ್ ಎಂದು ಹುಡುಕಿದರೆ ಒಂದೆರಡು ಸಾವಿರ ರೂಪಾಯಿಗೆ ಕಾಣಿಸುವ ಉಪಕರಣಗಳಲ್ಲಿ ಬಹುಪಾಲು ಒಳಗೆ ತಿರುಗುವ ಬ್ಲೇಡ್ ಇರುವಂಥವು. ಬ್ಲೇಡು ಬೀಜವನ್ನು ಕಂಡಕಂಡಲ್ಲಿ ಕತ್ತರಿಸುವುದರಿಂದ ಒಂದೇ ಹಿಡಿ ಪುಡಿಯಲ್ಲಿ ಹಿಟ್ಟಿನಂಥ ದೂಳೂ ರವೆಗಿಂತ ದಪ್ಪನೆಯ ತರಿಯೂ ಕೂಡಿರುತ್ತವೆ. ಒತ್ತಡದ ನೀರು ತರಿ ಇರುವ ಕಡೆ ದಾರಿ ಮಾಡಿಕೊಂಡು ಹರಿದುಹೋಗುತ್ತದೆ. ನುಣ್ಣನೆಯ ಭಾಗ ಒದ್ದೆಯ ಮುದ್ದೆಯಾಗಿ ಕಟ್ಟಿಕೊಳ್ಳುತ್ತದೆ. ಹಾಗಾಗಿ ಒಂದೇ ಲೋಟದಲ್ಲಿ ಹುಳಿಯೂ ಕಹಿಯೂ ಬೆರೆತಿರುತ್ತವೆ. ಹೆಚ್ಚು ಹೊತ್ತು ತಿರುಗಿಸಿದರೆ ತರಿ ಕಡಿಮೆಯಾದೀತು, ಆದರೆ ಬೇಕಾದ ಅಳತೆಗೆ ಬಂದೊಡನೆ ನಿಲ್ಲಿಸುವ ಉಪಾಯ ಅದರಲ್ಲಿಲ್ಲ. ಎಸ್ಪ್ರೆಸೊಗೆ ಬೇಕಾದದ್ದು ಬರ್ ಗ್ರೈಂಡರ್. ಹಳೆಯ ಮನೆಗಳ ಬೀಸುವ ಕಲ್ಲಿನಂತೆ ಇದರಲ್ಲಿಯೂ ಒಂದು ಭಾಗ ಸ್ಥಿರವಾಗಿದ್ದು ಇನ್ನೊಂದು ತಿರುಗುತ್ತದೆ; ಹಲ್ಲುಗಳುಳ್ಳ ಈ ಭಾಗಗಳೇ ಬರ್‌ಗಳು. ಅವೆರಡರ ನಡುವಿನ ಸಂದಿಗಿಂತ ಸಣ್ಣದಾಗುವವರೆಗೆ ಬೀಜದ ಚೂರು ಹೊರಗೆ ಬರುವುದಿಲ್ಲ. ಆ ಸಂದಿಯನ್ನು ಎಷ್ಟು ಸೂಕ್ಷ್ಮವಾಗಿ ಹೆಚ್ಚು ಕಡಿಮೆ ಮಾಡಬಹುದು, ಮಾಡಿದ ಮೇಲೆ ಅದು ಎಷ್ಟು ಅಲುಗಾಡದೆ ನಿಲ್ಲುತ್ತದೆ ಎಂಬುದಕ್ಕೇ ನಾವು ಹಣ ಕೊಡುವುದು.

ಅಂಗಡಿಯಲ್ಲೇ ಪುಡಿ ಮಾಡಿಸಿಕೊಂಡು ಬಂದರಾಗದೇ ಎಂದು ಕೇಳುವವರಿದ್ದಾರೆ. ಎಸ್ಪ್ರೆಸೊದ ಹದ ಒಂದೇ ಕಡೆ ನಿಲ್ಲುವಂಥದ್ದಲ್ಲ. ಬೀಜ ಹುರಿದು ದಿನ ಕಳೆದಂತೆ ಅದರೊಳಗಿನ ಅನಿಲ ಹೊರಹೋಗಿ, ಅದೇ ಸಮಯಕ್ಕೆ ಶಾಟ್ (ಒಂದು ಸಲಕ್ಕೆ ಇಳಿಸುವ ಎಸ್ಪ್ರೆಸೊ) ಇಳಿಯಬೇಕಾದರೆ ಇನ್ನಷ್ಟು ನುಣ್ಣಗೆ ಪುಡಿ ಮಾಡಬೇಕಾಗುತ್ತದೆ. ಮಾಡಿಸಿ ತಂದ ಪುಡಿಯನ್ನು ಮತ್ತೆ ತಿದ್ದಲು ಬರುವುದಿಲ್ಲ, ಅದರ ಪರಿಮಳವೂ ಬೇಗ ಹೋಗುತ್ತದೆ. ಚಿಕೋರಿ ಬೆರೆಸಿದ ಫಿಲ್ಟರ್ ಕಾಫಿ ಪುಡಿಯಂತೂ ಇಲ್ಲಿ ನಡೆಯುವುದಿಲ್ಲ. ಚಿಕೋರಿ ನೀರಿನಲ್ಲಿ ಬೇಗ ಕರಗಿ ಅಂಟಾಗಿ, ಮಷೀನಿನಲ್ಲಿ ಪುಡಿ ತುಂಬುವ ಲೋಹದ ಬಟ್ಟಲಾದ ಬಾಸ್ಕೆಟ್ಟಿನ ಸಣ್ಣ ತೂತುಗಳನ್ನು ಮುಚ್ಚಿಕೊಳ್ಳುತ್ತದೆ.

ಕೊಳ್ಳುವ ಮುನ್ನ ಮಷೀನಿನ ಬಾಸ್ಕೆಟ್ ನೋಡಿ

ಗ್ರೈಂಡರ್ ಹುಡುಕಲು ಹೊರಡುವ ಮೊದಲು ನಿಮ್ಮ ಮಷೀನಿನ ಬಾಸ್ಕೆಟ್ಟನ್ನು ಕೈಯಲ್ಲಿ ಹಿಡಿದು ಬೆಳಕಿಗೆ ಒಡ್ಡಿ ನೋಡಬೇಕು. ಒಳಗಡೆ ನೂರಾರು ತೂತುಗಳಿದ್ದು ಹೊರಗಡೆ ಒಂದೇ ಒಂದು ಸಣ್ಣ ತೂತು ಕಂಡರೆ ಅದು ಎರಡು ಪದರದ, ಒತ್ತಡವನ್ನು ತಾನೇ ಉಂಟುಮಾಡುವ ಬಾಸ್ಕೆಟ್. ಡೆಲಾಂಗಿ ಡೆಡಿಕಾದಂಥ ಆರಂಭಿಕ ಮಷೀನುಗಳ ಜೊತೆಗೆ ಬರುವುದು ಇಂಥದ್ದೇ. ಅದನ್ನೇ ಮುಂದುವರಿಸಿಕೊಂಡು, ಹೆಚ್ಚಾಗಿ ಹಾಲು ಬೆರೆಸಿ ಕುಡಿಯುವವರಿಗೆ ಅತಿ ಸೂಕ್ಷ್ಮವಾದ ಗ್ರೈಂಡರ್ ಅಗತ್ಯವಿಲ್ಲ. ನುಣ್ಣಗೆ ಪುಡಿ ಮಾಡಬಲ್ಲ ಸಾಮಾನ್ಯ ಬರ್ ಗ್ರೈಂಡರೇ ಸಾಕು, ಹೆಚ್ಚಿನ ಹಣವನ್ನು ಒಳ್ಳೆಯ ಬೀಜಕ್ಕೆ ಖರ್ಚು ಮಾಡುವುದು ಮೇಲು. ಎರಡೂ ಕಡೆ ತೂತುಗಳು ಕಾಣುವ ಒಂದೇ ಪದರದ ಬಾಸ್ಕೆಟ್ಟಾದರೆ, ಅಥವಾ ಮುಂದೆ ಅಂಥದ್ದನ್ನು ಹಾಕಿಕೊಳ್ಳುವ ಯೋಚನೆ ಇದ್ದರೆ, ಈ ಮುಂದಿನ ವಿವರಗಳೆಲ್ಲ ನಿಮಗೆ ಅನ್ವಯಿಸುತ್ತವೆ.

ಎಸ್ಪ್ರೆಸೊ ಪುಡಿಯ ಕಣಗಳು ಸ್ಥೂಲವಾಗಿ 200ರಿಂದ 400 ಮೈಕ್ರಾನಿನ ಆಸುಪಾಸಿನಲ್ಲಿರುತ್ತವೆ (ಒಂದು ಮಿಲಿಮೀಟರ್ ಎಂದರೆ ಸಾವಿರ ಮೈಕ್ರಾನ್). ಮಾರಾಟಗಾರರು ತಮ್ಮ ಗ್ರೈಂಡರಿಗೆ ಮೂವತ್ತು ನಲವತ್ತು ಹಂತಗಳಿವೆ ಎಂದು ಹೇಳಿಕೊಳ್ಳುವುದುಂಟು. ಆದರೆ ಆ ಹಂತಗಳಲ್ಲಿ ಎಷ್ಟು ಈ ಕಿರಿದಾದ ವ್ಯಾಪ್ತಿಯೊಳಗೆ ಬೀಳುತ್ತವೆ ಎಂಬುದನ್ನು ನೋಡಬೇಕು. ಇದಕ್ಕೆ ಬರಾಟ್ಜಾ ಕಂಪನಿಯ ಎರಡು ಗ್ರೈಂಡರುಗಳು ಸ್ಪಷ್ಟವಾದ ಉದಾಹರಣೆ. ಹಳೆಯ ಎನ್ಕೋರಿನಲ್ಲಿ 40 ಹಂತಗಳು ತೀರ ನುಣುಪಿನಿಂದ ಫ್ರೆಂಚ್ ಪ್ರೆಸ್‌ನ ತರಿಯವರೆಗೆ ಸಮನಾಗಿ ಹರಡಿಕೊಂಡಿವೆ. ಫಿಲ್ಟರ್ ಕಾಫಿಗೆ, ಪುಡಿಯ ಮೇಲೆ ಕೈಯಿಂದ ನೀರು ಸುರಿದು ಸೋಸುವ ಪೋರ್ ಓವರ್‌ಗೆ ಅದು ಬಹಳ ಒಳ್ಳೆಯದು. ಎಸ್ಪ್ರೆಸೊಗೆ ಬಂದರೆ ಒಂದು ಹಂತಕ್ಕೆ ನೀರು ನುಗ್ಗುತ್ತದೆ, ಅದರ ಮುಂದಿನ ಹಂತಕ್ಕೆ ಕಟ್ಟಿಕೊಳ್ಳುತ್ತದೆ, ನಡುವೆ ನಿಲ್ಲಲು ಜಾಗವಿಲ್ಲ. 2023ರಲ್ಲಿ ಬಂದ ಎನ್ಕೋರ್ ಇಎಸ್‌ಪಿಯಲ್ಲಿಯೂ ಇರುವುದು 40 ಹಂತಗಳೇ, ಬರ್ ಕೂಡ 40 ಮಿ.ಮೀ. ಕೋನಾಕಾರದ್ದೇ. ಆದರೆ ಅದರ ಮೊದಲ 20 ಹಂತಗಳನ್ನು ಬಹಳ ಹತ್ತಿರಹತ್ತಿರವಾಗಿ ಎಸ್ಪ್ರೆಸೊಗೆಂದೇ ಮೀಸಲಿಟ್ಟು, ಉಳಿದ 20ನ್ನು ಅಗಲವಾಗಿ ಇತರ ವಿಧಾನಗಳಿಗೆ ಬಿಟ್ಟಿದ್ದಾರೆ. ಹಂತಗಳ ಸಂಖ್ಯೆ ಒಂದೇ ಆದರೂ ಎಸ್ಪ್ರೆಸೊ ಮಾಡುವವರಿಗೆ ಇವೆರಡೂ ಬೇರೆಯೇ ಉಪಕರಣಗಳು.

ಸುಮಾರು ಎನ್ಕೋರ್ ಇಎಸ್‌ಪಿಯದೇ ಬೆಲೆಯ ಇನ್ನೆರಡನ್ನೂ ಇಲ್ಲಿ ಹೇಳಬೇಕು. ಬ್ರೆವಿಲ್ ಸ್ಮಾರ್ಟ್ ಗ್ರೈಂಡರ್ ಪ್ರೊದಲ್ಲಿ 60 ಹಂತಗಳಿವೆ, ಜೊತೆಗೆ ಮೇಲಿನ ಬರ್ ಅನ್ನೇ ಬಿಚ್ಚಿ ಇನ್ನಷ್ಟು ನುಣುಪಿನ ಕಡೆಗೆ ಕೂರಿಸಬಹುದು. ಫೆಲೋ ಓಪಸ್‌ನಲ್ಲಿ ಹೊರಗಿನ 41 ಹಂತಗಳು ಸಾಲದೆ ಬಂದಾಗ ಒಳಗಿನ ಉಂಗುರವೊಂದನ್ನು ತಿರುಗಿಸಿ ಸೂಕ್ಷ್ಮವಾಗಿ ತಿದ್ದಬೇಕು; ಕೆಲಸ ನಡೆಯುತ್ತದಾದರೂ ಪ್ರತಿ ಬಾರಿ ಬಿಚ್ಚಿ ಒಳಗೆ ಕೈಹಾಕುವುದು ದಿನನಿತ್ಯದ ಬಳಕೆಗೆ ಹಿತವಲ್ಲ. ಇಎಸ್‌ಪಿಯೂ ಸೇರಿ ಈ ಮೂರೂ ಅಮೆರಿಕದಲ್ಲಿ ಸುಮಾರು 200 ಡಾಲರಿನ ಮಟ್ಟದಲ್ಲಿ ಮಾರುಕಟ್ಟೆಗೆ ಬಂದವು. ಭಾರತಕ್ಕೆ ತರಿಸುವಾಗ ಆಮದು ಸುಂಕ, ಜಿಎಸ್‌ಟಿ, ಸಾಗಣೆ ವೆಚ್ಚ ಸೇರಿ ಬೆಲೆ ಗಣನೀಯವಾಗಿ ಏರುವುದರಿಂದ ಡಾಲರ್ ಬೆಲೆಯನ್ನು ಗುಣಿಸಿ ಬಜೆಟ್ ಹಾಕಿಕೊಳ್ಳುವುದು ಸರಿಯಾಗುವುದಿಲ್ಲ.

ಹಂತಗಳೇ ಇಲ್ಲದೆ, ಎಲ್ಲಿ ಬೇಕಾದರೂ ನಿಲ್ಲಿಸಬಹುದಾದ ಸ್ಟೆಪ್‌ಲೆಸ್ ಗ್ರೈಂಡರುಗಳು ಮತ್ತೊಂದು ಬಗೆ. ಇಟಲಿಯ ಫ್ಲಾರೆನ್ಸಿನ ಯುರೇಕಾ ಕಂಪನಿಯ ಮಿನ್ಯಾನ್ ಸಾಲಿನ ಗ್ರೈಂಡರುಗಳು, 54 ಮಿ.ಮೀ. ಚಪ್ಪಟೆ ಬರ್ ಇರುವ ಡಿಎಫ್54, 64 ಮಿ.ಮೀ. ಬರ್‌ನ ಡಿಎಫ್64 ಈ ಗುಂಪಿಗೆ ಸೇರಿದವು. ಎಸ್ಪ್ರೆಸೊ ಮಾತ್ರ ಮಾಡುವವರಿಗೆ ಇದಕ್ಕಿಂತ ಅನುಕೂಲವಾದದ್ದಿಲ್ಲ. ಬೆಳಿಗ್ಗೆ ಎಸ್ಪ್ರೆಸೊ, ಸಂಜೆ ಫಿಲ್ಟರ್ ಕಾಫಿ ಎಂದು ಹದವನ್ನು ಹಿಂದೆ ಮುಂದೆ ಮಾಡುವವರಿಗೆ ಮಾತ್ರ, ಬಿಟ್ಟ ಜಾಗಕ್ಕೇ ಮರಳಿ ಬರಲು ಡಯಲಿನ ಮೇಲೆ ಸ್ಪಷ್ಟವಾದ ಅಂಕಗಳಿವೆಯೇ ಎಂಬುದನ್ನು ನೋಡಿಕೊಳ್ಳಬೇಕಾಗುತ್ತದೆ.

ಯಾವುದೇ ಗ್ರೈಂಡರಿನ ಬಗ್ಗೆ ಓದುವಾಗ ಅಥವಾ ಬಳಸುವವರನ್ನು ವಿಚಾರಿಸುವಾಗ ಒಂದು ಪ್ರಶ್ನೆ ಕೇಳಿದರೆ ಬಹಳಷ್ಟು ಗೊತ್ತಾಗುತ್ತದೆ: ಒಂದು ಹಂತ ಬದಲಿಸಿದರೆ ಶಾಟ್ ಇಳಿಯುವ ಸಮಯ ಎಷ್ಟು ಸೆಕೆಂಡು ಬದಲಾಗುತ್ತದೆ? ಎರಡರಿಂದ ನಾಲ್ಕು ಸೆಕೆಂಡು ಎಂದರೆ ಎಸ್ಪ್ರೆಸೊಗೆ ಯೋಗ್ಯ. ಹತ್ತು ಸೆಕೆಂಡು ಎಂದರೆ ಎಷ್ಟೇ ಅಗ್ಗವಾಗಿ ಸಿಕ್ಕರೂ ಬಿಡಬೇಕು.

ಬರ್, ಮೋಟರ್, ಕರೆಂಟು

ಕೋನಾಕಾರದ ಬರ್ ಒಳ್ಳೆಯದೋ ಚಪ್ಪಟೆ ಬರ್ ಒಳ್ಳೆಯದೋ ಎಂಬ ಚರ್ಚೆಗೆ ಕೊನೆಯಿಲ್ಲ. ಚಪ್ಪಟೆ ಬರ್‌ಗಳು ರುಚಿಯ ಸೂಕ್ಷ್ಮ ಎಳೆಗಳನ್ನು ಬಿಡಿಬಿಡಿಯಾಗಿ ತೋರಿಸುತ್ತವೆ, ಕೋನಾಕಾರದವು ತುಂಬಿದ, ದುಂಡನೆಯ ರುಚಿ ಕೊಡುತ್ತವೆ ಎಂದು ಸಾಮಾನ್ಯವಾಗಿ ಹೇಳುವುದರಲ್ಲಿ ಸತ್ಯವಿದ್ದರೂ, ಕಡಿಮೆ ಬೆಲೆಯ ಮಟ್ಟದಲ್ಲಿ ಈ ವ್ಯತ್ಯಾಸಕ್ಕಿಂತ ಬರ್‌ಗಳು ಒಂದಕ್ಕೊಂದು ಸರಿಸಮನಾಗಿ ಕೂತಿವೆಯೇ ಎಂಬುದೇ ದೊಡ್ಡದು. ಒಂದು ಬದಿಗೆ ಕೂದಲೆಳೆಯಷ್ಟು ವಾಲಿದ್ದರೂ ಆ ಕಡೆಯಿಂದ ತರಿ, ಈ ಕಡೆಯಿಂದ ದೂಳು ಬರುತ್ತದೆ. ಕೊಡಗಿನ ರೊಬಸ್ಟಾ ಬೆರೆಸಿ ಕಪ್ಪಗೆ ಹುರಿದ ಬೀಜವನ್ನು ಹಾಲಿನೊಂದಿಗೆ ಕುಡಿಯುವ ಮನೆಗೆ ಕೋನಾಕಾರದ 40 ಮಿ.ಮೀ. ಬರ್ ಧಾರಾಳವಾಗಿ ಸಾಕು. ಚಿಕ್ಕಮಗಳೂರಿನ ಎಸ್ಟೇಟುಗಳ ಎಸ್ 795ನಂಥ ಅರೇಬಿಕಾ ತಳಿಯನ್ನು ಹದವಾಗಿ ಹುರಿಸಿ ಹಾಲಿಲ್ಲದೆ ಸವಿಯುವವರಿಗೆ ಚಪ್ಪಟೆ ಬರ್‌ನ ಮೇಲೆ ಹಾಕಿದ ಹೆಚ್ಚುವರಿ ಹಣದ ಫಲ ನಾಲಿಗೆಗೆ ತಿಳಿಯುತ್ತದೆ.

ಹುರಿದ ಬಗೆಯ ಮಾತು ಬಂದಾಗ ಮೋಟರಿನ ವಿಚಾರವನ್ನೂ ಸೇರಿಸಿಕೊಳ್ಳಬೇಕು. ತಿಳಿಯಾಗಿ ಹುರಿದ ಬೀಜ ಗಟ್ಟಿಯಾಗಿರುತ್ತದೆ. ಅದನ್ನು ಎಸ್ಪ್ರೆಸೊದಷ್ಟು ನುಣ್ಣಗೆ ಪುಡಿ ಮಾಡುವಾಗ ಸಣ್ಣ ಮೋಟರುಗಳು ತಿಣುಕಿ ನಿಂತೇಬಿಡುವುದುಂಟು. ಕಪ್ಪಗೆ ಹುರಿದ ಬೀಜ ಸುಲಭವಾಗಿ ಒಡೆಯುತ್ತದೆ, ಆದರೆ ಮೇಲ್ಮೈಗೆ ಎಣ್ಣೆ ಬಂದಿರುವುದರಿಂದ ಹಾಪರಿಗೂ (ಗ್ರೈಂಡರಿನ ಮೇಲೆ ಬೀಜ ತುಂಬುವ ಪಾತ್ರೆ) ಬರ್‌ಗೂ ಜಿಡ್ಡು ಹಿಡಿಯುತ್ತದೆ. ಭಾರತದ ಕಾಫಿಯಲ್ಲಿ ಸುಮಾರು ನೂರಕ್ಕೆ 70 ಭಾಗ ಬೆಳೆಯುವುದು ಕರ್ನಾಟಕದಲ್ಲೇ ಆದ್ದರಿಂದ ನಮಗೆ ಎರಡೂ ಬಗೆಯ ಹುರಿ ಸುಲಭವಾಗಿ ಸಿಗುತ್ತದೆ. ಮನೆಯಲ್ಲಿ ಯಾವುದು ಹೆಚ್ಚು ನಡೆಯುತ್ತದೆ ಎಂಬುದನ್ನು ಮೊದಲೇ ತೀರ್ಮಾನಿಸಿಕೊಂಡರೆ ಆಯ್ಕೆ ಸುಲಭ. ಪೆಟ್ಟಿಗೆಯ ಮೇಲೆ ಬರೆದ ವ್ಯಾಟ್ ಸಂಖ್ಯೆಯನ್ನು ನೋಡಿ ಮಾತ್ರ ಮರುಳಾಗಬಾರದು. ಗೇರುಗಳ ಮೂಲಕ ನಿಧಾನವಾಗಿ ತಿರುಗುವ ಮೋಟರಿಗೆ ಕಡಿಮೆ ವ್ಯಾಟಿನಲ್ಲೇ ಸಾಕಷ್ಟು ತಿರುಚುಬಲವಿರುತ್ತದೆ. ಎನ್ಕೋರ್ ಇಎಸ್‌ಪಿಯ ಬರ್ ನಿಮಿಷಕ್ಕೆ ಸುಮಾರು 550 ಸುತ್ತು ತಿರುಗಿದರೆ, ಡಿಎಫ್64ರದ್ದು ಸುಮಾರು 1400 ಸುತ್ತು; ಇವೆರಡೂ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡುತ್ತವೆ.

ಅಮೆರಿಕದಲ್ಲಿರುವ ಮಗನೋ ಅಕ್ಕನೋ ಊರಿಗೆ ಬರುವಾಗ ಸೂಟ್‌ಕೇಸಿನಲ್ಲಿ ಗ್ರೈಂಡರ್ ತಂದುಕೊಡುತ್ತೇನೆ ಎಂದರೆ ಒಪ್ಪುವ ಮೊದಲು ಯೋಚಿಸಬೇಕು. ಅಲ್ಲಿನ ವಿದ್ಯುತ್ 120 ವೋಲ್ಟ್, 60 ಹರ್ಟ್ಸ್. ನಮ್ಮದು 230 ವೋಲ್ಟ್, 50 ಹರ್ಟ್ಸ್. ಅಲ್ಲಿನ ಗ್ರೈಂಡರನ್ನು ಪ್ಲಗ್ ಮಾತ್ರ ಬದಲಿಸಿ ಇಲ್ಲಿ ಚಾಲೂ ಮಾಡಿದರೆ ಮೋಟರ್ ಅಥವಾ ಒಳಗಿನ ಸರ್ಕ್ಯೂಟ್ ಸುಟ್ಟುಹೋಗುತ್ತದೆ. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಇಟ್ಟು ನಡೆಸಬಹುದಾದರೂ ಅದರ ಖರ್ಚು, ಜಾಗ, ಕೈಬಿಟ್ಟುಹೋಗುವ ವಾರಂಟಿ ಎಲ್ಲವನ್ನೂ ಲೆಕ್ಕ ಹಾಕಿದರೆ ಉಳಿತಾಯ ಬಹುಮಟ್ಟಿಗೆ ಕರಗುತ್ತದೆ. ಕೆಲವು ಕಂಪನಿಗಳು ಒಂದೇ ಮಾದರಿಯನ್ನು 220–240 ವೋಲ್ಟಿಗೂ ಮಾಡುತ್ತವೆ. ತರಿಸುವುದೇ ಆದರೆ ಉಪಕರಣದ ತಳದಲ್ಲಿ ಅಂಟಿಸಿದ ಪಟ್ಟಿಯ ಫೋಟೊ ಕಳಿಸಿಕೊಂಡು ಆ ಅಂಕಿಗಳನ್ನು ಓದಿಯೇ ತರಿಸಬೇಕು. ದುಬೈ, ಸಿಂಗಪುರ, ಯುರೋಪಿನಿಂದ ತರುವವರಿಗೆ ಈ ತೊಂದರೆ ಇಲ್ಲ.

ಒಳಗೆ ಉಳಿಯುವ ಪುಡಿ

ಗ್ರೈಂಡರಿಗೆ 18 ಗ್ರಾಂ ಬೀಜ ಹಾಕಿದರೆ 18 ಗ್ರಾಂ ಪುಡಿಯೇ ಬರುತ್ತದೆ ಎಂಬ ಖಾತರಿಯಿಲ್ಲ. ಬರ್‌ಗಳ ಸುತ್ತ, ಪುಡಿ ಹೊರಬರುವ ದಾರಿಯಲ್ಲಿ ಒಂದಷ್ಟು ಉಳಿದು ಮರುದಿನದ ಕಾಫಿಗೆ ಹಳಸಲಾಗಿ ಸೇರುತ್ತದೆ. ಮೇಲೆ ದೊಡ್ಡ ಹಾಪರ್ ಇಟ್ಟು ಅರ್ಧ ಕಿಲೊ ಬೀಜ ತುಂಬಿಸಿಡುವ ಗ್ರೈಂಡರುಗಳಲ್ಲಿ ಇದು ಹೆಚ್ಚು. ದಿನಕ್ಕೆ ಏಳೆಂಟು ಲೋಟ ಆಗುವ ದೊಡ್ಡ ಮನೆಗೆ ಅದು ತೊಂದರೆಯಾಗುವುದಿಲ್ಲ. ದಿನಕ್ಕೆ ಒಂದೆರಡು ಶಾಟ್ ಮಾತ್ರ ಮಾಡುವ ಮನೆಗೆ, ಪ್ರತಿ ಬಾರಿ ತೂಗಿ ಹಾಕುವ ಸಿಂಗಲ್ ಡೋಸ್ ಗ್ರೈಂಡರೇ ಸೂಕ್ತ. ಮಲೆನಾಡು ಮತ್ತು ಕರಾವಳಿಯ ಮಳೆಗಾಲದಲ್ಲಂತೂ ಹಾಪರಿನಲ್ಲಿ ಬೀಜ ಬಿಟ್ಟರೆ ಅದು ತೇವ ಎಳೆದುಕೊಂಡು ಹದವೇ ತಪ್ಪುತ್ತದೆ. ಗಾಳಿಯಾಡದ ಡಬ್ಬಿಯಲ್ಲಿಟ್ಟು ಬೇಕಾದಷ್ಟನ್ನೇ ಹಾಕುವುದು ಅಲ್ಲಿ ಅನಿವಾರ್ಯ.

ಪುಡಿ ಸ್ಥಾಯಿ ವಿದ್ಯುತ್ತಿನಿಂದಾಗಿ ಗೋಡೆಗಳಿಗೆ ಅಂಟಿ ಸುತ್ತಲೂ ಹಾರುವುದು ಬಯಲುಸೀಮೆಯ ಬೇಸಿಗೆಯಲ್ಲಿ ಎದ್ದು ಕಾಣುವ ಇನ್ನೊಂದು ತೊಂದರೆ. ಇದಕ್ಕೆ ಖರ್ಚಿಲ್ಲದ ಪರಿಹಾರವಿದೆ. ತೂಗಿದ ಬೀಜದ ಮೇಲೆ ಒಂದೆರಡು ಹನಿ ನೀರು ಚಿಮುಕಿಸಿ, ಕಲಸಿ, ಆಮೇಲೆ ಗ್ರೈಂಡರಿಗೆ ಹಾಕಬೇಕು. ಒರೆಗಾನ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಹೆಂಡನ್ ಮತ್ತು ಸಂಗಡಿಗರು 2023ರಲ್ಲಿ ಪ್ರಕಟಿಸಿದ ಅಧ್ಯಯನವು ಹೀಗೆ ಸೇರಿಸಿದ ನೀರು ಸ್ಥಾಯಿ ವಿದ್ಯುತ್ತನ್ನು ತಗ್ಗಿಸಿ, ಪುಡಿ ಗಂಟುಕಟ್ಟುವುದನ್ನು ಕಡಿಮೆ ಮಾಡುತ್ತದೆ ಎಂದು ತೋರಿಸಿಕೊಟ್ಟಿದೆ. ಹಾಗಾಗಿ ಸ್ಥಾಯಿ ವಿದ್ಯುತ್ತನ್ನು ತಡೆಯುವ ವಿಶೇಷ ಸೌಲಭ್ಯಕ್ಕೆಂದು ಹೆಚ್ಚು ಹಣ ಕೊಡಬೇಕಾಗಿಲ್ಲ. ಟೈಮರ್, ಟಚ್ ಸ್ಕ್ರೀನ್, ಬಣ್ಣದ ದೀಪಗಳಿಗೂ ಇದೇ ಮಾತು. ಅವುಗಳ ಬದಲಿಗೆ 0.1 ಗ್ರಾಂ ತೋರಿಸುವ ಸಣ್ಣ ತಕ್ಕಡಿಯೊಂದನ್ನು ಕೊಂಡರೆ ಉಪಯೋಗ ಹೆಚ್ಚು.

ಹಣ ಎಷ್ಟು ಹೊಂದಿಸಿದರೂ ಎಸ್ಪ್ರೆಸೊಗೆ ತಕ್ಕ ಎಲೆಕ್ಟ್ರಿಕ್ ಗ್ರೈಂಡರ್ ಕೈಗೆಟುಕದಿದ್ದರೆ, ಹೆಸರಿಗೆ ಮಾತ್ರ ಎಸ್ಪ್ರೆಸೊ ಎಂದು ಬರೆದುಕೊಂಡ ಅಗ್ಗದ ಎಲೆಕ್ಟ್ರಿಕ್ ಗ್ರೈಂಡರಿಗಿಂತ ಕೈಯಿಂದ ತಿರುಗಿಸುವ ಒಳ್ಳೆಯ ಗ್ರೈಂಡರ್ ಕೊಳ್ಳಿ ಎಂದು ಮನಸಾರೆ ಹೇಳುತ್ತೇನೆ. ಕಿನ್‌ಗ್ರೈಂಡರ್ ಕೆ6ರಲ್ಲಿ ಒಂದು ಕ್ಲಿಕ್ಕಿಗೆ 16 ಮೈಕ್ರಾನ್, ಒನ್‌ಜಡ್‌ಪ್ರೆಸೊ ಜೆ-ಅಲ್ಟ್ರಾದಲ್ಲಿ 8 ಮೈಕ್ರಾನ್ ಮಾತ್ರ ಸಂದಿ ಬದಲಾಗುತ್ತದೆ. ಮೋಟರಿಗೆ ಹೋಗುವ ಹಣವೆಲ್ಲ ಇಲ್ಲಿ ಬರ್ ಮತ್ತು ಬೇರಿಂಗಿಗೆ ಹೋಗಿರುತ್ತದೆ. 18 ಗ್ರಾಂ ಪುಡಿ ಮಾಡಲು ಒಂದು ನಿಮಿಷದ ಆಸುಪಾಸು ತಗಲುತ್ತದೆ, ತೋಳಿಗೆ ಸ್ವಲ್ಪ ಶ್ರಮವಿದೆ. ಕೈ ಅಥವಾ ಭುಜ ನೋವಿರುವವರಿಗೆ, ನಾಲ್ಕೈದು ಜನಕ್ಕೆ ಒಟ್ಟಿಗೆ ಕಾಫಿ ಮಾಡುವವರಿಗೆ ಇದು ಹೊಂದುವುದಿಲ್ಲ.

ಎಲ್ಲಿಂದ ಕೊಳ್ಳುವುದು ಎಂಬ ವಿಷಯದಲ್ಲಿ, ನೂರಿನ್ನೂರು ರೂಪಾಯಿಯ ವ್ಯತ್ಯಾಸಕ್ಕಿಂತ ಬಿಡಿಭಾಗ ಮತ್ತು ರಿಪೇರಿಯ ಅನುಕೂಲವನ್ನು ಮೊದಲು ನೋಡಬೇಕು. ಬರ್, ಗ್ಯಾಸ್ಕೆಟ್, ಸ್ವಿಚ್ಚುಗಳು ಬಿಡಿಯಾಗಿ ಸಿಗುತ್ತವೆಯೇ, ಭಾರತದಲ್ಲಿ ವಾರಂಟಿ ಯಾರು ಕೊಡುತ್ತಾರೆ, ಕೆಟ್ಟರೆ ಎಲ್ಲಿಗೆ ಕಳಿಸಬೇಕು ಎಂಬ ಮೂರಕ್ಕೆ ಬರವಣಿಗೆಯಲ್ಲಿ ಉತ್ತರ ಪಡೆದು ಕೊಳ್ಳುವುದು ಒಳ್ಳೆಯದು. ಬಳಸಿದ ಗ್ರೈಂಡರ್ ಕೊಳ್ಳುವುದರಲ್ಲಿ ತಪ್ಪೇನಿಲ್ಲ. ಬರ್ ಬಿಚ್ಚಿಸಿ ಅದರ ಅಂಚನ್ನು ಉಗುರಿನಿಂದ ಮೆಲ್ಲಗೆ ಮುಟ್ಟಿ ನೋಡಿ, ಹರಿತವಾಗಿದ್ದು ಎಲ್ಲೂ ಚಕ್ಕೆ ಎದ್ದಿರದಿದ್ದರೆ ಸಾಕು.

ಮನೆಗೆ ಬಂದ ಮೇಲೆ

ಮರಳಿಸುವ ಅವಧಿ ಮುಗಿಯುವುದರೊಳಗೆ ಪರೀಕ್ಷೆ ಮುಗಿಸಬೇಕು. ಹೊಸ ಬರ್‌ಗಳು ಪಳಗುವವರೆಗೆ ಹದ ಸ್ವಲ್ಪ ಹೊಯ್ದಾಡುವುದು ಸಹಜ, ಅದಕ್ಕೆ ಅಂಜಬೇಕಾಗಿಲ್ಲ. ಆರಂಭಕ್ಕೆ ಕಾಲು ಕಿಲೊದಷ್ಟು ಹಳೆಯ ಅಥವಾ ಅಗ್ಗದ ಬೀಜವನ್ನು ಪುಡಿ ಮಾಡಿ ಚೆಲ್ಲಿದರೆ ತಯಾರಿಕೆಯ ಎಣ್ಣೆ, ಲೋಹದ ದೂಳು ಹೊರಬರುತ್ತವೆ. ಆಮೇಲೆ 18 ಗ್ರಾಂ ತೂಗಿ ಹಾಕಿ, ಎಷ್ಟು ಹೊರಬಂತು ಎಂದು ತೂಗಬೇಕು. ಅರ್ಧ ಗ್ರಾಮಿಗಿಂತ ಹೆಚ್ಚು ವ್ಯತ್ಯಾಸ ಮತ್ತೆ ಮತ್ತೆ ಬಂದರೆ ಸಿಂಗಲ್ ಡೋಸ್ ಎಂಬ ಹೆಸರಿಗೆ ಅದು ತಕ್ಕುದಲ್ಲ. ನಂತರ ಒಂದೇ ಹದದಲ್ಲಿ, ಅಷ್ಟೇ ತೂಕದ ಪುಡಿಯಿಂದ, ಒಂದರ ಹಿಂದೊಂದು ಮೂರು ಶಾಟ್ ತೆಗೆದು ಸಮಯ ಬರೆದಿಡಬೇಕು. ಮೂರರ ನಡುವಿನ ಅಂತರ ಮೂರು ನಾಲ್ಕು ಸೆಕೆಂಡಿನೊಳಗಿದ್ದರೆ ಗ್ರೈಂಡರ್ ಚೆನ್ನಾಗಿದೆ. ಹತ್ತು ಹನ್ನೆರಡು ಸೆಕೆಂಡು ಆಚೀಚೆಯಾದರೆ ಮೊದಲು ಪುಡಿಯನ್ನು ಸಮವಾಗಿ ಹರಡಿ ಅದುಮಿದ್ದೇವೆಯೇ ಎಂದು ನೋಡಿ, ಆಗಲೂ ಸರಿಯಾಗದಿದ್ದರೆ ಮರಳಿಸುವುದೇ ಲೇಸು.

ಹದ ಹಿಡಿಯುವಾಗ ಪುಡಿಯ ತೂಕ, ಇಳಿದ ಕಾಫಿಯ ತೂಕ ಎರಡನ್ನೂ ಬದಲಿಸದೆ ಗ್ರೈಂಡರಿನ ಹಂತವೊಂದನ್ನೇ ಬದಲಿಸಬೇಕು. 36 ಗ್ರಾಂ ಇಳಿಯಲು 18 ಸೆಕೆಂಡು ಹಿಡಿದರೆ ಒಂದು ಹಂತ ನುಣುಪಿಗೆ, 45 ಸೆಕೆಂಡು ಹಿಡಿದರೆ ಒಂದು ಹಂತ ತರಿಗೆ. ನುಣುಪಿನ ಕಡೆಗೆ ತಿರುಗಿಸುವುದನ್ನು ಮೋಟರ್ ತಿರುಗುತ್ತಿರುವಾಗಲೇ ಮಾಡುವುದು ಹೆಚ್ಚಿನ ಗ್ರೈಂಡರುಗಳಿಗೆ ಕ್ಷೇಮ. ನಿಂತಿರುವಾಗ ಬಿಗಿ ಮಾಡಿದರೆ ಬರ್‌ಗಳ ನಡುವೆ ಸಿಕ್ಕಿಕೊಂಡ ಬೀಜದ ಚೂರುಗಳು ಮೋಟರಿಗೆ ತಡೆಯೊಡ್ಡುತ್ತವೆ. ಹಂತ ಬದಲಿಸಿದ ಕೂಡಲೆ ಬರುವ ಮೂರು ನಾಲ್ಕು ಗ್ರಾಂ ಪುಡಿ ಹಳೆಯ ಹದದ್ದೇ ಆಗಿರುವುದರಿಂದ ಅದನ್ನು ಬಿಟ್ಟು ಮುಂದಿನದನ್ನು ಬಳಸಿದರೆ ಲೆಕ್ಕ ತಪ್ಪುವುದಿಲ್ಲ. ಸಮಯ ಸರಿಬಂದ ಮೇಲೆ ಕೊನೆಯ ತೀರ್ಪು ನಾಲಿಗೆಯದು. 32 ಸೆಕೆಂಡಿನಲ್ಲಿ ಇಳಿದದ್ದು ರುಚಿಯಾಗಿದ್ದರೆ ಅದನ್ನು 28ಕ್ಕೆ ತರಲು ಹೆಣಗಬೇಕಾಗಿಲ್ಲ.

ಬೀಜವನ್ನು ಹಾಕುವ ಮೊದಲು ಅಂಗೈಯಲ್ಲಿ ಹರಡಿ ಒಮ್ಮೆ ಕಣ್ಣಾಡಿಸುವ ಅಭ್ಯಾಸ ಬೆಳೆಸಿಕೊಳ್ಳಬೇಕು. ಕಣದಲ್ಲಿ ಒಣಗಿಸಿದ ಕಾಫಿಯಲ್ಲಿ ಸಣ್ಣ ಕಲ್ಲು ಉಳಿದುಬರುವುದುಂಟು, ಒಂದೇ ಕಲ್ಲಿಗೆ ಬರ್‌ನ ಅಂಚು ಮುರಿಯಬಹುದು. ಮಿಕ್ಸಿ ಜಾರನ್ನು ಅಕ್ಕಿ ಹಾಕಿ ಶುಚಿ ಮಾಡುವ ರೂಢಿಯನ್ನು ಇಲ್ಲಿಗೆ ತರಬಾರದು. ಹಸಿ ಅಕ್ಕಿ ಹುರಿದ ಕಾಫಿ ಬೀಜಕ್ಕಿಂತ ಬಹಳ ಗಟ್ಟಿಯಾದ್ದರಿಂದ ಸಣ್ಣ ಮೋಟರಿಗೂ ಗೇರಿಗೂ ಪೆಟ್ಟು. ಬರ್‌ಗಳನ್ನು ನೀರಿನಲ್ಲಿ ತೊಳೆದರೆ ಉಕ್ಕಿಗೆ ತುಕ್ಕು ಹಿಡಿಯುತ್ತದೆ. ಎರಡು ವಾರಕ್ಕೊಮ್ಮೆ, ಎಣ್ಣೆ ಬಿಟ್ಟ ಕಪ್ಪು ಹುರಿಯ ಬೀಜ ಬಳಸುವವರು ವಾರಕ್ಕೊಮ್ಮೆ, ಪ್ಲಗ್ ತೆಗೆದು ಮೇಲಿನ ಬರ್ ಬಿಚ್ಚಿ ಒಣ ಬ್ರಶ್ಶಿನಿಂದ ಉಜ್ಜಿದರೆ ಸಾಕು. ವರ್ಷಗಳು ಕಳೆದಂತೆ ಮೊದಲಿನದೇ ಬೀಜಕ್ಕೆ ಇನ್ನೂ ಇನ್ನೂ ನುಣುಪಿನ ಹಂತ ಬೇಕಾಗುತ್ತ ಬಂದರೆ, ಪುಡಿ ಮಾಡಲು ಹಿಡಿಯುವ ಸಮಯ ಬೆಳೆಯುತ್ತ ಹೋದರೆ, ಬರ್ ಸವೆದಿದೆ ಎಂದು ತಿಳಿದು ಆ ಒಂದು ಜೋಡಿಯನ್ನು ಮಾತ್ರ ಬದಲಿಸಬೇಕು. ಗ್ರೈಂಡರನ್ನೇ ಬದಲಿಸುವ ಅಗತ್ಯವಿರುವುದಿಲ್ಲ.